ಹಳ್ಳಿಯ ಡಾಕ್ಟರನ್ನು ಹಳ್ಳಿಯಲ್ಲೇ ತಯಾರು ಮಾಡಿ

ಸಂಪಾದಕರೇ,

ಹಳ್ಳಿಗೆ ಡಾಕ್ಟರು ಬರಲ್ಲ ಅನ್ನುವ ಚರ್ಚೆ ಪ್ರತಿ ವರ್ಷ ಒಂದು ಸಲ ಏಳುತ್ತದೆ, ನಾಲ್ಕು ದಿನ ಓಡುತ್ತದೆ, ಆಮೇಲೆ ಮಲಗುತ್ತದೆ. ಈಗಿನ ಹುಡುಗರಿಗೆ ದುಡ್ಡಿನ ಆಸೆ ಅಂತ ಒಬ್ಬರು, ಹಳ್ಳಿ ಸೇವೆಯ ಬಾಂಡ್ ಬಿಗಿ ಮಾಡಿ ಅಂತ ಇನ್ನೊಬ್ಬರು, ದಂಡ ಹಾಕುತ್ತೇವೆ ಅಂತ ಮಂತ್ರಿಗಳು. ಬಂದ ಡಾಕ್ಟರಿಗೆ ಅಲ್ಲಿ ಕೆಲಸ ಮಾಡುವುದನ್ನು ನಾವು ಕಲಿಸಿದ್ದೇವಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಪತ್ರ ಅದರ ಬಗ್ಗೆ. ಸ್ವಲ್ಪ ಉದ್ದ ಆಗುತ್ತದೆ, ಜಾಗ ಇದ್ದರೆ ಹಾಕಿ.

ನಾನು ಸರ್ಕಾರಿ ವೈದ್ಯೆಯಾಗಿದ್ದವಳು. ಮೊದಲು ರಾಯಚೂರು ಕಡೆ, ಆಮೇಲೆ ಮಲೆನಾಡಿನಲ್ಲಿ, ಸರ್ವಿಸ್ಸಿನ ಬಹುಪಾಲನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ (ಪಿಎಚ್‌ಸಿ) ಕಳೆದು ನಿವೃತ್ತಿಯಾದೆ. ಎಂಬಿಬಿಎಸ್ ಬಿಟ್ಟರೆ ಬೇರೆ ಡಿಗ್ರಿ ಇಲ್ಲ. ಮದುವೆ ಮನೆಯಲ್ಲಿ ಯಾರಾದರೂ "ನೀವು ಯಾವ ಸ್ಪೆಷಲಿಸ್ಟು?" ಅಂತ ಕೇಳಿದರೆ "ಬರೀ ಎಂಬಿಬಿಎಸ್" ಅಂತ ಹೇಳಿ ಮಾತು ಬದಲಾಯಿಸುವುದು ನಮ್ಮಂಥವರಿಗೆಲ್ಲ ರೂಢಿ.

2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮ ತೆಗೆದು ನೋಡಿ. ಕಾಯಿಲೆ ಬಂದಾಗ ಜನ ಮೊದಲು ಹೋಗಿ ಕಾಣುವ ವೈದ್ಯರನ್ನು ತಯಾರು ಮಾಡುವುದೇ ಗುರಿ ಅಂತ ಅದರಲ್ಲಿ ಬರೆದಿದ್ದಾರೆ. ಬಹಳ ಸರಿಯಾದ ಗುರಿ. ಆದರೆ ಆ ಮಕ್ಕಳು ನಾಲ್ಕೂವರೆ ವರ್ಷ ಓದುವುದು ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲಿ. ಪಾಠ ಹೇಳುವವರು ಒಂದೊಂದು ಅಂಗಕ್ಕೆ ಒಬ್ಬೊಬ್ಬರಂತೆ ಇರುವ ಸ್ಪೆಷಲಿಸ್ಟುಗಳು. ಪಿಎಚ್‌ಸಿಯಲ್ಲಿ ವರ್ಷಗಟ್ಟಲೆ ಕೂತು ರೋಗಿ ನೋಡಿದ ಡಾಕ್ಟರ ಪಕ್ಕ ಕುರ್ಚಿ ಹಾಕಿಕೊಂಡು ಕಲಿಯುವ ಅವಕಾಶ ಸಿಗುವುದು ತೀರಾ ಅಪರೂಪ. ಕಾಲೇಜು ಆಸ್ಪತ್ರೆಯ ವಾರ್ಡಿಗೆ ಬರುವ ರೋಗಿ ಅಷ್ಟು ಹೊತ್ತಿಗೆ ಮೂರು ಕಡೆ ಸೋಸಿ ಬಂದಿರುತ್ತಾನೆ. ಅವನ ಕೈಯಲ್ಲಿ ಸ್ಕ್ಯಾನಿಂಗ್ ಇದೆ, ರಕ್ತದ ರಿಪೋರ್ಟ್ ಇದೆ, ಕಾಯಿಲೆಗೆ ಒಂದು ಹೆಸರೂ ಬಂದಿರುತ್ತದೆ. ನಮ್ಮ ಹತ್ತಿರ ಬರುವವರ ಕಾಯಿಲೆಗೆ ಹೆಸರೇ ಇರುವುದಿಲ್ಲ. "ಯಾಕೋ ಆರಾಮಿಲ್ರಿ, ಮೈಯಾಗ ಕಸುವಿಲ್ಲ" ಅಂತ ಬಂದು ಕೂರುತ್ತಾರೆ. ಅದು ರಕ್ತಹೀನತೆ ಇರಬಹುದು, ಟಿಬಿ ಇರಬಹುದು, ಸಕ್ಕರೆ ಕಾಯಿಲೆ ಶುರುವಾಗಿರಬಹುದು, ಮಗ ಬೆಂಗಳೂರಿಗೆ ಹೋದವನು ಫೋನ್ ಮಾಡದೆ ಆರು ತಿಂಗಳಾಗಿರಬಹುದು.

ಒಂದು ಉದಾಹರಣೆ ಹೇಳುತ್ತೇನೆ. ಬಿಪಿ ಇದ್ದ ಒಬ್ಬ ಹೆಂಗಸು, ಐವತ್ತರ ಆಸುಪಾಸು, ತೋಟದ ಕೂಲಿ. ಮಾತ್ರೆ ಕೊಟ್ಟರೂ ಬಿಪಿ ಇಳಿಯುತ್ತಿರಲಿಲ್ಲ. ಪುಸ್ತಕದ ಪ್ರಕಾರ ಆಗ ಇನ್ನೊಂದು ಮಾತ್ರೆ ಸೇರಿಸಬೇಕು. ಪುಸ್ತಕ ಮುಚ್ಚಿಟ್ಟು ವಿಚಾರಿಸಿದಾಗ ಗೊತ್ತಾಗಿದ್ದು ಇಷ್ಟು. ನಮ್ಮಲ್ಲಿ ಕೊಡುತ್ತಿದ್ದದ್ದು ಹದಿನೈದು ದಿನದ ಮಾತ್ರೆ. ಮತ್ತೆ ಬರಬೇಕು ಅಂದರೆ ಒಂದು ದಿನದ ಕೂಲಿ ಹೋಗುತ್ತದೆ, ಮೇಲೆ ಬಸ್ ಚಾರ್ಜು. ಅದಕ್ಕೆ ಆಕೆ ದಿನ ಬಿಟ್ಟು ದಿನ ನುಂಗಿ ಅದನ್ನೇ ಒಂದು ತಿಂಗಳಿಗೆ ಎಳೆಯುತ್ತಿದ್ದರು. ಆಕೆಗೆ ಬೇಕಾಗಿದ್ದದ್ದು ಎರಡನೇ ಮಾತ್ರೆ ಅಲ್ಲ. ಒಂದೇ ಸಲ ಒಂದು ತಿಂಗಳ ಮಾತ್ರೆ, ಅಥವಾ ಊರಿನ ಆಶಾ ಕಾರ್ಯಕರ್ತೆ ಕೈಲಿ ಮನೆಗೆ ಕಳಿಸುವ ಏರ್ಪಾಟು. ಹೀಗೆ ಕೇಳಿ ತಿಳಿದುಕೊಳ್ಳುವುದು ಒಳ್ಳೆಯ ಮನಸ್ಸಿದ್ದರೆ ತಾನಾಗಿ ಬರುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಹಾಗೆ ಬರುವುದಿಲ್ಲ. ಹೊಲಿಗೆ ಹಾಕುವುದನ್ನು ಹೇಗೆ ಕಲಿಸುತ್ತೇವೋ ಹಾಗೆ ಇದನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಬೇಕು. ಯಾವ ಪ್ರಶ್ನೆ ಯಾವಾಗ ಕೇಳಬೇಕು, ಅತ್ತೆ ಪಕ್ಕದಲ್ಲಿ ನಿಂತಿರುವಾಗ ಸೊಸೆಗೆ ಏನು ಕೇಳಬಾರದು, ಗಂಡಸು "ಗ್ಯಾಸ್ ಮೇಡಂ" ಅಂತ ಎದೆ ಸವರಿಕೊಂಡಾಗ ಯಾಕೆ ಇಸಿಜಿ ತೆಗೆಯಬೇಕು, ಇದೆಲ್ಲ ಒಂದು ವಿದ್ಯೆ.

ಆ ವಿದ್ಯೆಗೆ ಹೆಸರಿದೆ, ಫ್ಯಾಮಿಲಿ ಮೆಡಿಸಿನ್. ನಮ್ಮ ಕಡೆ "ಫ್ಯಾಮಿಲಿ ಡಾಕ್ಟ್ರು" ಅಂದರೆ ಹಳೇ ಪೇಟೆ ಬೀದಿಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ, ಇಪ್ಪತ್ತು ರೂಪಾಯಿ ತಗೊಳ್ಳುತ್ತಿದ್ದ ಯಜಮಾನರು ಕಣ್ಣಮುಂದೆ ಬರುತ್ತಾರೆ. ಅವರ ಮೇಲೆ ನನಗೆ ತುಂಬಾ ಗೌರವ. ಆದರೆ ಇದು ಈಗ ಬೇರೆ ದೇಶಗಳಲ್ಲಿ ಮೂರು ವರ್ಷ ಕೂತು ಕಲಿಯುವ ವಿಷಯ, ನಮ್ಮ ದೇಶದಲ್ಲೂ ಕೋರ್ಸ್ ಇದೆ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ (ಎಂ.ಡಿ. ಥರದ್ದೇ ಸ್ನಾತಕೋತ್ತರ ಡಿಗ್ರಿ) ಫ್ಯಾಮಿಲಿ ಮೆಡಿಸಿನ್ ಮೂರು ವರ್ಷದ್ದು, ಈಚೆಗೆ ಎರಡು ವರ್ಷದ ಡಿಪ್ಲೊಮಾ ಕೂಡ ಬಂದಿದೆ. ಕೇರಳದ ಕೋಝಿಕ್ಕೋಡ್ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಎಂ.ಡಿ. ಫ್ಯಾಮಿಲಿ ಮೆಡಿಸಿನ್ ಶುರುವಾಗಿ ಹತ್ತು ವರ್ಷದ ಮೇಲಾಯಿತು. 2002ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಈ ವಿಷಯಕ್ಕೆ ಒತ್ತು ಕೊಡಬೇಕು ಅಂತ ಇದೆ. 2017ರ ನೀತಿಯಲ್ಲಿ ಮತ್ತೆ ಅದೇ ಮಾತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಂತೂ ಫ್ಯಾಮಿಲಿ ಮೆಡಿಸಿನ್ ಸ್ನಾತಕೋತ್ತರ ಕೋರ್ಸುಗಳನ್ನು ಬೆಳೆಸುವುದು ಸ್ನಾತಕೋತ್ತರ ಮಂಡಳಿಯ ಕೆಲಸ ಅಂತಲೇ ಬರೆದಿದ್ದಾರೆ. ಕಾಗದದಲ್ಲಿ ಏನೂ ಕಡಿಮೆ ಇಲ್ಲ. ಇಷ್ಟಾದರೂ ಎಂಬಿಬಿಎಸ್ ಕಾಲೇಜು ತೆರೆಯಲು ಫ್ಯಾಮಿಲಿ ಮೆಡಿಸಿನ್ ವಿಭಾಗ ಇರಲೇಬೇಕು ಅನ್ನುವ ನಿಯಮ ಇಲ್ಲ. ವಿಭಾಗ ಇಲ್ಲದ ಮೇಲೆ ಪ್ರೊಫೆಸರ್ ಇಲ್ಲ, ಪ್ರೊಫೆಸರ್ ಇಲ್ಲದ ಮೇಲೆ ಸೀಟಿಲ್ಲ. ಹುಡುಗರು ಐದು ವರ್ಷದಲ್ಲಿ ಆ ಹೆಸರನ್ನೇ ಸರಿಯಾಗಿ ಕೇಳಿರುವುದಿಲ್ಲ, ಇನ್ನು ಸ್ನಾತಕೋತ್ತರ ಸೀಟು ಹಂಚುವ ಕೌನ್ಸೆಲಿಂಗ್ ದಿನ ಅದನ್ನು ಯಾರು ಆರಿಸಿಕೊಳ್ಳುತ್ತಾರೆ? ರೇಡಿಯಾಲಜಿ, ಚರ್ಮ ಅಂತ ಓಡುತ್ತಾರೆ. ಅವರ ತಪ್ಪಿಲ್ಲ.

ಈ ವಿದ್ಯೆ ಇಲ್ಲದೆ ಏನಾಗುತ್ತಿದೆ ಅಂತ ನೋಡಬೇಕಾದರೆ ಯಾವುದಾದರೂ ಮನೆಯ ಗೋಡೆಗೆ ಮೊಳೆ ಹೊಡೆದು ನೇತು ಹಾಕಿರುವ ಪ್ಲಾಸ್ಟಿಕ್ ಕವರ್ ಇಳಿಸಿ ನೋಡಿ. ನಮ್ಮ ಪಕ್ಕದ ಊರಿನ ಅಡಿಕೆ ಬೆಳೆಗಾರರೊಬ್ಬರು ಈಚೆಗೆ ಅಂಥದ್ದೊಂದು ಕವರ್ ಹಿಡಿದು ಬಂದಿದ್ದರು. ಸಕ್ಕರೆಗೆ ಒಬ್ಬ ಡಾಕ್ಟರು, ಎದೆಗೆ ಒಬ್ಬರು, ಮಂಡಿಗೆ ಒಬ್ಬರು. ಮೂರು ಚೀಟಿ, ಮೂರೂ ಬೇರೆ ಬೇರೆ ಊರಿನದು. ಬೆಳಿಗ್ಗೆ ತೋಟದಲ್ಲಿ ಬೆವರಿ ಕಣ್ಣು ಕತ್ತಲೆ ಬಂದು ಎರಡು ಸಲ ಕೂತುಬಿಟ್ಟಿದ್ದರಂತೆ, ಮನೆಯವರು ಎದೆನೋವು ಅಂತ ಹೆದರಿದ್ದರು. ಚೀಟಿ, ಮಾತ್ರೆ ಎಲ್ಲ ಮೇಜಿನ ಮೇಲೆ ಹರಡಿದೆವು. ಸಕ್ಕರೆಯ ಡಾಕ್ಟರು ಬರೆದ ಮಾತ್ರೆ, ಎದೆಯ ಡಾಕ್ಟರು ಬರೆದ ಮಾತ್ರೆ, ಹೆಸರು ಬೇರೆ, ಡಬ್ಬಿಯ ಬಣ್ಣ ಬೇರೆ, ಒಳಗಿರುವುದು ಎರಡರಲ್ಲೂ ಸಕ್ಕರೆ ಇಳಿಸುವ ಅದೇ ಔಷಧ, ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್. ದಿನಾ ಎರಡರಷ್ಟು ನುಂಗುತ್ತಿದ್ದರು, ಸಕ್ಕರೆ ಕುಸಿಯುತ್ತಿತ್ತು. ಮಂಡಿಗೆ ಕೊಟ್ಟ ನೋವಿನ ಮಾತ್ರೆ ಬೇರೆ ತಿಂಗಳುಗಟ್ಟಲೆ ನಡೆದಿತ್ತು, ಕಿಡ್ನಿ ಪರೀಕ್ಷೆ ಮಾಡಿಸಿದವರೇ ಇಲ್ಲ. ಮೂವರು ಸ್ಪೆಷಲಿಸ್ಟುಗಳೂ ತಮ್ಮ ತಮ್ಮ ಕಾಯಿಲೆಯ ಮಟ್ಟಿಗೆ ನೋಡಿದ್ದರು, ಅದನ್ನು ಮರೆಯಬಾರದು. ಮೂರನ್ನೂ ಸೇರಿಸಿ ನೋಡುವ ನಾಲ್ಕನೆಯವರು ಇರಲಿಲ್ಲ, ಅಷ್ಟೇ.

ಈಗ ಇದಕ್ಕೆ ನಮ್ಮ ರಾಜ್ಯದ ವೈವಿಧ್ಯ ಸೇರಿಸಿ ಯೋಚನೆ ಮಾಡಿ. ಸರ್ಕಾರದ ಲೆಕ್ಕದಲ್ಲಿ ಬಯಲುಸೀಮೆಗೆ 30,000 ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಕ್ಕೆ 20,000 ಜನಕ್ಕೆ ಒಂದು ಪಿಎಚ್‌ಸಿ. ಲೆಕ್ಕ ಸರಿ. ಆದರೆ ಒಂದು ಕಡೆಯ 30,000 ಜನ ಇನ್ನೊಂದು ಕಡೆಯ 30,000 ಜನರ ಹಾಗೆ ಇರುವುದಿಲ್ಲವಲ್ಲ.

ಮಲೆನಾಡನ್ನೇ ತಗೊಳ್ಳಿ. ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಎದ್ದಾಗ ಹೇಗಿತ್ತು ಅಂತ ಆ ಕಡೆಯ ಜನಕ್ಕೆ ನೆನಪಿದೆ. ಹಳೆಯ ಲಸಿಕೆಯಿಂದ ಉಪಯೋಗ ಅಷ್ಟಕ್ಕಷ್ಟೇ ಅಂತ ನಿಲ್ಲಿಸಿದ ಮೇಲೆ, ಜ್ವರ ಬಂದವರನ್ನು ಬೇಗ ಗುರುತಿಸುವುದೇ ದೊಡ್ಡ ಕೆಲಸ. ಜನವರಿಯಲ್ಲಿ ಅಲ್ಲಿಗೆ ಬರುವ ಹೊಸ ಡಾಕ್ಟರು ಜ್ವರದ ರೋಗಿಯನ್ನು ಮೊದಲು ಕೇಳಬೇಕಾದದ್ದು, ದರಕು (ಒಣಗಿದ ಎಲೆ) ಗುಡಿಸೋಕೆ ಕಾಡಿಗೆ ಹೋಗಿದ್ದಿರಾ, ಮೈಮೇಲೆ ಉಣುಗು ಕಂಡಿತಾ, ನಿಮ್ಮ ಕಡೆ ಎಲ್ಲಾದರೂ ಮಂಗ ಸತ್ತು ಬಿದ್ದಿದೆಯಾ ಅಂತ. ಇದು ಬೆಂಗಳೂರಿನ ವಾರ್ಡಿನಲ್ಲಿ ಓದಿದವರಿಗೆ ಪರೀಕ್ಷೆಯ ಒಂದು ಮಾರ್ಕಿನ ಪ್ರಶ್ನೆ. ಇಲ್ಲಿನ ಆಶಾ ಕಾರ್ಯಕರ್ತೆಗೆ ನಿದ್ದೆಗಣ್ಣಲ್ಲೂ ಗೊತ್ತು.

ಹಾವಿನ ಕಡಿತವೂ ಹಾಗೇ. 2024ರಲ್ಲಿ ನಮ್ಮ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯ ಅಂತ ಘೋಷಿಸಿತು, ಒಳ್ಳೆಯದಾಯಿತು. ವರದಿ ಮಾಡುವುದು ಸುಲಭ. ರಾತ್ರಿ ಎಂಟು ಗಂಟೆಗೆ ಟ್ರಾಕ್ಟರಿನಲ್ಲಿ ಮಲಗಿಸಿಕೊಂಡು ಬಂದಾಗ ಅದೇ ಜಾಗದಲ್ಲಿ ಔಷಧ ಶುರು ಮಾಡುವುದು ಕಷ್ಟ. ರಕ್ತ ಹೆಪ್ಪುಗಟ್ಟುತ್ತದಾ ಅಂತ ನೋಡೋಕೆ ದೊಡ್ಡ ಯಂತ್ರವೇನೂ ಬೇಡ, ಒಂದು ಒಣಗಿದ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ, ಅಲ್ಲಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ವಾಲಿಸಿ ನೋಡಿದರೆ ಆಯಿತು. ಆದರೆ ವಿಷಕ್ಕೆ ಪ್ರತಿಔಷಧ ಕೊಟ್ಟಾಗ ಅಲರ್ಜಿ ಆದರೆ ಏನು ಮಾಡಲಿ ಅನ್ನುವ ಭಯಕ್ಕೆ ಹೊಸಬರು ಜಿಲ್ಲಾ ಆಸ್ಪತ್ರೆಗೆ ಬರೆದು ಕಳಿಸಿಬಿಡುತ್ತಾರೆ, ಆ ಎರಡು ಗಂಟೆಯ ದಾರಿಯಲ್ಲೇ ಪ್ರಾಣ ಹೋಗುವುದು. ಒಂದು ಸಲ, ಒಂದೇ ಒಂದು ಸಲ, ಅನುಭವ ಇರುವವರು ಪಕ್ಕದಲ್ಲಿ ನಿಂತು ಮಾಡಿಸಿದ್ದರೆ ಆ ಭಯ ಹೋಗುತ್ತದೆ.

ರಾಯಚೂರು, ಕೊಪ್ಪಳ, ಪಾವಗಡದ ಕಡೆ ಹೋದರೆ ಬೋರ್‌ವೆಲ್ ನೀರಿನ ಫ್ಲೋರೈಡ್. ನಲವತ್ತಕ್ಕೇ ಸೊಂಟ ಬಗ್ಗಿಸೋಕಾಗದವರಿಗೆ ಸುಮ್ನೆ ನೋವಿನ ಇಂಜೆಕ್ಷನ್ ಚುಚ್ಚುತ್ತಾ ಹೋದರೆ ಆಗುವುದೇನು? ನೀರು ಎಲ್ಲಿಂದ ತರ್ತೀರಿ ಅಂತ ಕೇಳುವುದು ಅಲ್ಲಿ ವೈದ್ಯಕೀಯ ಪ್ರಶ್ನೆ. ಚಾಮರಾಜನಗರ, ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಸೋಲಿಗರು, ಜೇನುಕುರುಬರಲ್ಲಿ ತಂದೆತಾಯಿಯಿಂದ ಮಕ್ಕಳಿಗೆ ಬರುವ ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್) ಇದೆ. ಪದೇ ಪದೇ ಮೈಕೈ ನೋವು ಅಂತ ಬರುವ ಮಗುವನ್ನು ಚಳಿಯ ನೋವು ಅಂತ ಕಳಿಸುವಂತಿಲ್ಲ. ಇದಕ್ಕಾಗಿ ರಾಷ್ಟ್ರೀಯ ಅಭಿಯಾನ ಶುರುವಾಗಿದ್ದು 2023ರ ಜುಲೈನಲ್ಲಿ. ಸ್ಕ್ರೀನಿಂಗ್ ಕಾರ್ಡು ಬರುತ್ತಿದೆ, ಸಂತೋಷ. ಆದರೆ ಆ ಕಾರ್ಡ್ ನೋಡಿ "ಹಂಗಾದ್ರೆ ನನ್ನ ಮಗಳನ್ನ ಯಾರೂ ಮದುವೆ ಆಗಲ್ವಾ?" ಅಂತ ತಾಯಿ ಕೇಳಿದರೆ ಉತ್ತರ ಹೇಳಲು ಯಾರಿಗೆ ತರಬೇತಿ ಕೊಟ್ಟಿದ್ದೇವೆ?

ಕಲ್ಯಾಣ ಕರ್ನಾಟಕದ ತಾಂಡಾಗಳ ಕಥೆ ಇನ್ನೊಂದು ಥರ. ಗುಳೆ ಹೋಗುವ ಸಂಸಾರದಲ್ಲಿ ಮಗುವಿನ ಲಸಿಕೆ ಅರ್ಧ ಇಲ್ಲಿ, ಅರ್ಧ ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ, ಟಿಬಿ ಮಾತ್ರೆ ನಡುವೆ ನಿಂತು ಹೋಗಿರುತ್ತದೆ. ಕಲಬುರಗಿ ಕಡೆ ಲಂಬಾಣಿ ಹೆಣ್ಣುಮಕ್ಕಳಿಗೆ ಬಿಳಿ ಸೆರಗು, ಹೊಟ್ಟೆನೋವು ಅಂತ ಹೋದಾಗ ಗರ್ಭಕೋಶವನ್ನೇ ತೆಗೆದುಬಿಟ್ಟ ಸುದ್ದಿ ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತು. ಯಾರು ಮಾಡಿದರು ಅನ್ನುವುದಕ್ಕೆ ತನಿಖೆ ಇದೆ, ಕೋರ್ಟ್ ಇದೆ. ನನ್ನ ತಲೆಯಲ್ಲಿ ಉಳಿದಿರುವ ಪ್ರಶ್ನೆ ಬೇರೆ. ಆ ಹೆಣ್ಣುಮಗಳು ಮೊದಲ ಸಲ ಬಿಳಿ ಸೆರಗು ಅಂದಾಗ, ಹತ್ತಿರದ ಪಿಎಚ್‌ಸಿಯಲ್ಲಿ ಪರದೆ ಎಳೆದು, ನಿಧಾನವಾಗಿ ಪರೀಕ್ಷೆ ಮಾಡಿ, ಕೆಲವು ರೂಪಾಯಿಯ ಮಾತ್ರೆ ಕೊಟ್ಟು ಗಂಡನಿಗೂ ಕೊಡಬೇಕು ಅಂತ ಹೇಳುವ ಡಾಕ್ಟರು ಯಾಕಿರಲಿಲ್ಲ?

ಇನ್ನು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್ ಕಡೆಯ ಕೂಲಿಯವರು. ಅವರ ಭಾಷೆ ನಮಗೆ ಬರಲ್ಲ, ನಮ್ಮದು ಅವರಿಗೆ ಬರಲ್ಲ. ಭಾಷೆಯ ಹಾಗೇ ಆಚರಣೆಯ ವಿಷಯವೂ ಇದೆ. ರಂಜಾನ್ ಬಂದರೆ ಸಕ್ಕರೆ ಕಾಯಿಲೆಯ ಎಷ್ಟೋ ಜನ ಡಾಕ್ಟರಿಗೆ ಹೇಳದೆ ಉಪವಾಸ ಹಿಡಿಯುತ್ತಾರೆ, ಯಾಕೆಂದರೆ ಹೇಳಿದರೆ ಬೈಸಿಕೊಳ್ಳಬೇಕು. ಬೈಯುವುದರ ಬದಲು ಹದಿನೈದು ದಿನ ಮೊದಲೇ ಕರೆದು, ಯಾರಿಗೆ ಉಪವಾಸ ಅಪಾಯ ಅಂತ ಬಿಡಿಸಿ ಹೇಳಿ, ಉಳಿದವರಿಗೆ ನಸುಕಿನ ಸಹರಿ, ಸಂಜೆಯ ಇಫ್ತಾರ್ ಊಟದ ಹೊತ್ತಿಗೆ ಮಾತ್ರೆ ಹೊಂದಿಸಿಕೊಟ್ಟರೆ ಎಲ್ಲರಿಗೂ ಕ್ಷೇಮ. ಏಕಾದಶಿಯವರಿಗೂ ಇದೇ ಮಾತು. ಇದನ್ನು ಯಾವ ವಾರ್ಡ್ ರೌಂಡಿನಲ್ಲಿ ಕಲಿಸುತ್ತಾರೆ ಹೇಳಿ.

ಹಾಗಂತ ಸರ್ಕಾರ ಏನೂ ಪ್ರಯತ್ನ ಮಾಡಿಲ್ಲ ಅಂತಲ್ಲ. ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ನೋಡಿದ ಭೋರ್ ಸಮಿತಿ 1946ರಲ್ಲೇ, ಎಲ್ಲ ವೈದ್ಯ ವಿದ್ಯಾರ್ಥಿಗಳಿಗೂ ಮೂರು ತಿಂಗಳು ರೋಗ ತಡೆ ಮತ್ತು ಸಾಮಾಜಿಕ ವೈದ್ಯದ ತರಬೇತಿ ಬೇಕು ಅಂದಿತ್ತು. 1977ರಲ್ಲಿ ಮೆಡಿಕಲ್ ಕಾಲೇಜುಗಳೇ ಒಂದಷ್ಟು ಹಳ್ಳಿ ಕೇಂದ್ರಗಳನ್ನು ವಹಿಸಿಕೊಂಡು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಯೋಜನೆ ಬಂತು, ವ್ಯಾನುಗಳೂ ಬಂದವು. ವ್ಯಾನು ತುಕ್ಕು ಹಿಡಿದ ಮೇಲೆ ಯೋಜನೆಯನ್ನೂ ಮರೆತರು. ಈಗ ಕುಟುಂಬ ದತ್ತು ಕಾರ್ಯಕ್ರಮ ಇದೆ. ಮೊದಲ ವರ್ಷದಿಂದಲೇ ಒಬ್ಬೊಬ್ಬ ವಿದ್ಯಾರ್ಥಿಗೆ ಕೆಲವು ಮನೆಗಳನ್ನು ವಹಿಸಿ, ಆ ಮನೆಯವರ ಆರೋಗ್ಯ ನೋಡಿಕೊಳ್ಳುತ್ತಾ ಹೋಗಬೇಕು ಅನ್ನುವ ಏರ್ಪಾಟು. ನಿಜ ಹೇಳಬೇಕೆಂದರೆ ಇದು ತುಂಬಾ ಚೆಂದದ ಯೋಚನೆ. ಆದರೆ ನಾನು ಕಂಡ ಕಡೆ ಆಗುತ್ತಿರುವುದು ಏನಪ್ಪಾ ಅಂದರೆ, ಕಾಲೇಜು ಬಸ್ಸು ಬರುತ್ತದೆ, ಬಿಳಿ ಕೋಟಿನ ಹಿಂಡು ಇಳಿಯುತ್ತದೆ, ಬಿಪಿ ನೋಡುತ್ತಾರೆ, ಗಿಡ ನೆಡುತ್ತಾರೆ, ಬ್ಯಾನರ್ ಹಿಡಿದು ಫೋಟೋ, ಮಧ್ಯಾಹ್ನದ ಊಟಕ್ಕೆ ಬಸ್ಸು ವಾಪಸ್. ಅದೂ ಹೊತ್ತಲ್ಲದ ಹೊತ್ತಿಗೆ. ಹನ್ನೊಂದು ಗಂಟೆಗೆ ಊರಲ್ಲಿ ಯಾರಿರುತ್ತಾರೆ, ಎಲ್ಲ ಹೊಲದಲ್ಲಿ. ಸಿಗುವವರು ಮುದುಕರು, ಅವರ ಬಿಪಿಯನ್ನು ಹತ್ತು ಹುಡುಗರು ಹತ್ತು ಸಲ ನೋಡಿ, ಪಾಪ, ಇದ್ದಬದ್ದ ಬಿಪಿಯೂ ಏರಿಸುತ್ತಾರೆ. ಕರೆದುಕೊಂಡು ಬರುವ ಮೇಷ್ಟ್ರಿಗೂ ರೋಗಿ ನೋಡುವ ಅಭ್ಯಾಸ ತಪ್ಪಿ ಎಷ್ಟೋ ವರ್ಷ ಆಗಿರುತ್ತದೆ. ಆ ಊರಿನ ಪಿಎಚ್‌ಸಿ ಡಾಕ್ಟರನ್ನು, ಆಶಾ ಕಾರ್ಯಕರ್ತೆಯನ್ನು ಯಾರೂ ಗುರು ಅಂತ ನೋಡುವುದಿಲ್ಲ.

ಆಮೇಲೆ ಕಡ್ಡಾಯ ಗ್ರಾಮೀಣ ಸೇವೆ. 2012ರ ಕಾಯ್ದೆಯಲ್ಲಿ ಓದು ಮುಗಿದವರಿಗೆಲ್ಲ ಒಂದು ವರ್ಷ ಸೇವೆ ಅಂತ ಇತ್ತು, 2023ರ ತಿದ್ದುಪಡಿಯ ಮೇಲೆ ಖಾಲಿ ಹುದ್ದೆ ಇದ್ದಷ್ಟು ಜನಕ್ಕೆ ಮಾತ್ರ. ಆ ಕಾಯ್ದೆಯ ಹೆಸರಿನಲ್ಲೇ 'ತರಬೇತಿ' ಅಂತ ಇದೆ, ಆದರೆ ತರಬೇತಿ ಕೊಡುವವರು ಯಾರೂ ಇಲ್ಲ. ಇಪ್ಪತ್ತನಾಲ್ಕು ವರ್ಷದ ಹುಡುಗಿಯನ್ನು ಒಂದು ಪಿಎಚ್‌ಸಿಗೆ ಹಾಕುತ್ತಾರೆ. ಕ್ವಾರ್ಟರ್ಸ್ ಸೋರುತ್ತಿರುತ್ತದೆ. ಫಾರ್ಮಾಸಿಸ್ಟು, ನರ್ಸಮ್ಮ ಎಷ್ಟು ಹೇಳಿಕೊಡುತ್ತಾರೋ ಅಷ್ಟೇ ಪಾಠ. ಸಂಶಯ ಬಂದರೆ ಕೇಳಲು ಹಿರಿಯರಿಲ್ಲ. ಮಧ್ಯಾಹ್ನ ಆದ ಮೇಲೆ ಫೋನಿನಲ್ಲಿ ಸ್ನಾತಕೋತ್ತರ ಸೀಟಿನ ಪರೀಕ್ಷೆಯಾದ ನೀಟ್ ಪಿಜಿಯ ಪ್ರಶ್ನೆ ಬಿಡಿಸುತ್ತಾ ಕೂರುತ್ತಾಳೆ, ಅಲ್ಲಿಂದ ತಪ್ಪಿಸಿಕೊಳ್ಳಲು ಇರುವ ಬಾಗಿಲು ಅದೊಂದೇ. ಜನರೂ ಜಾಣರು, "ಈ ಡಾಕ್ಟ್ರಮ್ಮ ವರ್ಷಕ್ಕೆ ಹೋಗೋರು" ಅಂತ ಮನಸ್ಸು ಬಿಚ್ಚುವುದಿಲ್ಲ. ಸೇವೆಯನ್ನು ಶಿಕ್ಷೆಯ ಹಾಗೆ ಮಾಡಿಟ್ಟಿದ್ದು ನಾವು, ಹುಡುಗರಿಗೆ ಸೇವಾಭಾವ ಇಲ್ಲ ಅಂತ ಬೈಯುವವರೂ ನಾವೇ.

ಪಿಎಚ್‌ಸಿ ಡಾಕ್ಟರಿಗೆ ಕಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪಿಎಚ್‌ಸಿ ವೈದ್ಯರಿಗೆ, ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡುವುದನ್ನು ಕಲಿಸಿತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು 1981ರಲ್ಲಿ. ಅವರದೇ ಕರುಣಾ ಟ್ರಸ್ಟ್ 1996ರಲ್ಲಿ ಸರ್ಕಾರದಿಂದ ಗುಂಬಳ್ಳಿ ಪಿಎಚ್‌ಸಿ ವಹಿಸಿಕೊಂಡಿತು. ಎಚ್.ಡಿ. ಕೋಟೆ, ಸರಗೂರು ಕಡೆ ಮೈಸೂರಿನ ವೈದ್ಯ ವಿದ್ಯಾರ್ಥಿಗಳೇ ಸೇರಿ 1984ರಲ್ಲಿ ಶುರು ಮಾಡಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೆ. ಇಂಥ ಜಾಗಗಳಲ್ಲಿ ಕೆಲಸ ಮಾಡಿದವರು ಕಲಿತದ್ದನ್ನು ಒಂದು ಡಿಗ್ರಿಯಾಗಿ ಮಾಡುವ ಕೆಲಸವನ್ನು ಮಾತ್ರ ನಮ್ಮ ರಾಜ್ಯ ಮೈಮೇಲೆ ಹಾಕಿಕೊಳ್ಳಲಿಲ್ಲ.

ಇಂಗ್ಲೆಂಡಿನಲ್ಲಿ ಜಿ.ಪಿ. (ಅಲ್ಲಿನ ಫ್ಯಾಮಿಲಿ ಡಾಕ್ಟರು) ಆಗಿ ಕೆಲಸ ಮಾಡುವ ಕನ್ನಡದ ಡಾಕ್ಟರುಗಳು ಬೇಕಾದಷ್ಟಿದ್ದಾರೆ. ನಮ್ಮ ಬೆಂಗಳೂರು, ಮೈಸೂರು, ಮಣಿಪಾಲದಲ್ಲಿ ಓದಿ ಹೋದವರು. ಅಲ್ಲಿ ಎಂಬಿಬಿಎಸ್ ಆದ ತಕ್ಷಣ ಜಿ.ಪಿ. ಅಂತ ಬೋರ್ಡ್ ಹಾಕುವಂತಿಲ್ಲ. ಅದಕ್ಕೇ ಮೂರು ವರ್ಷದ ತರಬೇತಿ, ಅದರಲ್ಲಿ ದೊಡ್ಡ ಭಾಗ ಆಸ್ಪತ್ರೆಯಲ್ಲಲ್ಲ, ಹಿರಿಯ ಜಿ.ಪಿ.ಯ ಕ್ಲಿನಿಕ್ಕಿನಲ್ಲಿ. ರೋಗಿಯ ಒಪ್ಪಿಗೆ ಪಡೆದು ಮಾತುಕತೆಯನ್ನು ವಿಡಿಯೋ ಮಾಡಿ, ಆಮೇಲೆ ಗುರು ಶಿಷ್ಯ ಕೂತು ನೋಡುತ್ತಾರೆ. ಎಲ್ಲಿ ರೋಗಿಯ ಮಾತು ಕತ್ತರಿಸಿದೆ, ಎಲ್ಲಿ ಕೇಳಿಸಿಕೊಳ್ಳಲಿಲ್ಲ ಅಂತ. 1960–70ರ ದಶಕದಲ್ಲಿ ವೇಲ್ಸ್‌ನ ಗಣಿ ಊರುಗಳಿಗೆ ಅಲ್ಲಿನ ಡಾಕ್ಟರುಗಳೇ ಹೋಗಲು ಹಿಂದೇಟು ಹಾಕಿದಾಗ ಹೋಗಿ ಕೂತವರು ನಮ್ಮ ದೇಶದಿಂದ ಹೋದವರು. ಅಂಥದೇ ಒಂದು ಗಣಿ ಊರಿನ ಡಾಕ್ಟರು ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದದ್ದು, ಎಲ್ಲಿ ವೈದ್ಯಕೀಯ ಸೇವೆ ಜಾಸ್ತಿ ಬೇಕೋ ಅಲ್ಲೇ ಅದು ಕಡಿಮೆ ಸಿಗುತ್ತದೆ ಅಂತ. ಅವರ ಹಳ್ಳಿಗೆ ನಮ್ಮವರು ಸಿಕ್ಕರು. ನಮ್ಮ ಹಳ್ಳಿಗೆ ಯಾರು?

ನಾನು ಕೇಳುತ್ತಿರುವುದು ಇಷ್ಟು. ರಾಜ್ಯ ಸರ್ಕಾರ ತನ್ನದೇ ಮೆಡಿಕಲ್ ಕಾಲೇಜುಗಳಲ್ಲಿ ಫ್ಯಾಮಿಲಿ ಮೆಡಿಸಿನ್ ವಿಭಾಗ ತೆರೆದು ಎಂ.ಡಿ. ಸೀಟು ಶುರು ಮಾಡಲಿ. ಎಲ್ಲ ಕಡೆ ಒಟ್ಟಿಗೆ ಬೇಡ, ಚಾಮರಾಜನಗರ, ರಾಯಚೂರು, ಶಿವಮೊಗ್ಗ, ಈ ಮೂರರಲ್ಲಿ ಮೊದಲು ಆಗಲಿ. ಒಂದರ ಪಕ್ಕ ಕಾಡು, ಹಾಡಿ. ಇನ್ನೊಂದರ ಸುತ್ತ ಗುಳೆ, ತಾಂಡಾ. ಮತ್ತೊಂದಕ್ಕೆ ಮಲೆನಾಡು. ಮೂರು ವರ್ಷದಲ್ಲಿ ಅರ್ಧದಷ್ಟಾದರೂ ತಾಲ್ಲೂಕು ಆಸ್ಪತ್ರೆ ಮತ್ತು ಪಿಎಚ್‌ಸಿಯಲ್ಲೇ ಕಲಿಯಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಇರಬೇಕು ಅನ್ನುವ ನಿಯಮ ಈಗಾಗಲೇ ಇದೆ, ಆದರೆ ಅದು ಸಾಮಾನ್ಯವಾಗಿ ಜಿಲ್ಲಾ ಕೇಂದ್ರಕ್ಕೇ ನಿಂತುಬಿಡುತ್ತದೆ, ತಾಲ್ಲೂಕಿಗೆ ಇಳಿಯುವುದು ಕಡಿಮೆ. ಕಡ್ಡಾಯ ಸೇವೆಯ ಆ ಒಂದು ವರ್ಷವನ್ನು ಒಬ್ಬ ಹಿರಿಯ ವೈದ್ಯರ ಕೈಕೆಳಗೆ ಮಾಡಿದರೆ ಅದನ್ನು ಈ ತರಬೇತಿಯ ಭಾಗ ಅಂತ ಲೆಕ್ಕಕ್ಕೆ ತಗೊಳ್ಳಲು ದಾರಿ ಮಾಡಲಿ, ದೆಹಲಿಯ ಒಪ್ಪಿಗೆ ಬೇಕಾದರೆ ಕೇಳಿ ಪಡೆಯಲಿ. ಯಾವ ಜಿಲ್ಲೆಯಲ್ಲಿ ಕಲಿಯುತ್ತಾರೋ ಅಲ್ಲಿನ ಮಾತು ಕಲಿಸಲಿ. ಬೇರೆ ರಾಜ್ಯದಿಂದ ಬಂದವರಿಗೆ ಕನ್ನಡ, ಕನ್ನಡದವರಿಗೆ ಉರ್ದು, ಲಂಬಾಣಿ, ತುಳು, ಎಲ್ಲಿ ಏನು ಬೇಕೋ ಅದು. ಮೊದಲ ವರ್ಷದಲ್ಲಿ ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಿ ಬಿಡುವ ಕಲಿಕೆ ಸಾಲದು.

ಎಂ.ಡಿ. ಮಾಡಿದವರು ಪಿಎಚ್‌ಸಿಯಲ್ಲಿ ನಿಲ್ಲುತ್ತಾರಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ಅಲ್ವಾ. ಎಲ್ಲರೂ ನಿಲ್ಲುವುದಿಲ್ಲ. ಕೆಲವರು ಊರು ಬಿಟ್ಟು ಹೋಗುತ್ತಾರೆ, ಕೆಲವರು ದೇಶವನ್ನೇ ಬಿಡುತ್ತಾರೆ. ಆದರೆ ಈಗ ಇರುವ ವ್ಯವಸ್ಥೆಯಲ್ಲಿ ನಿಲ್ಲಬೇಕು ಅಂದವರಿಗೂ ಮುಂದೆ ಹೋಗಲು ದಾರಿ ಇಲ್ಲ. ಸಮುದಾಯ ಆರೋಗ್ಯ ಕೇಂದ್ರ ಅಂದರೆ ಸರ್ಜನ್, ಫಿಸಿಷಿಯನ್, ಹೆರಿಗೆ ಡಾಕ್ಟರು, ಮಕ್ಕಳ ಡಾಕ್ಟರು, ನಾಲ್ವರು ಸ್ಪೆಷಲಿಸ್ಟು ಅಂತ ಲೆಕ್ಕ. ಆ ನಾಲ್ವರೂ ಒಟ್ಟಿಗೆ ಸಿಗುವುದು ಎಷ್ಟು ಕಡೆ ಅಂತ ತಾಲ್ಲೂಕಿನ ಜನಕ್ಕೆ ಗೊತ್ತು. ಫ್ಯಾಮಿಲಿ ಮೆಡಿಸಿನ್ ಮಾಡಿದವರಿಗೂ ಸ್ಪೆಷಲಿಸ್ಟ್ ದರ್ಜೆ, ಅದೇ ಸಂಬಳ, ಬಡ್ತಿ ಕೊಟ್ಟರೆ, ಒಳ್ಳೆಯ ಕ್ವಾರ್ಟರ್ಸ್ ಕೊಟ್ಟರೆ, ಗಂಡನಿಗೋ ಹೆಂಡತಿಗೋ ಹತ್ತಿರದಲ್ಲೇ ಪೋಸ್ಟಿಂಗ್ ಕೊಟ್ಟರೆ, ರಾತ್ರಿ ಕುಡಿದು ಬಂದು ಬಾಗಿಲು ಬಡಿಯುವವರಿಂದ ಡಾಕ್ಟರಮ್ಮನಿಗೆ ಒಂದು ರಕ್ಷಣೆ ಕೊಟ್ಟರೆ, ನಿಲ್ಲುವವರು ಖಂಡಿತ ಸಿಗುತ್ತಾರೆ. ಕೇರಳದಲ್ಲಿ 2017ರಿಂದ ಆರ್ದ್ರಂ ಅಂತ ಮಾಡಿ ಪಿಎಚ್‌ಸಿಗಳನ್ನೇ ಕುಟುಂಬ ಆರೋಗ್ಯ ಕೇಂದ್ರ ಮಾಡುತ್ತಾ ಬಂದರು, ಸಂಜೆಯೂ ಹೊರರೋಗಿಗಳನ್ನು ನೋಡುವ ಓಪಿಡಿ ಶುರು ಮಾಡಿದರು. ಕೂಲಿಗೆ ಹೋಗುವವರಿಗೆ ಸಂಜೆಯ ಓಪಿಡಿ ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ತಕರಾರು, ಕಲಿಸುವವರು ಎಲ್ಲಿದ್ದಾರೆ ಅಂತ. ಎಂ.ಡಿ. ಇಲ್ಲದವರು ಮೇಷ್ಟ್ರಾಗುವಂತಿಲ್ಲ ಅಂತ ನಿಯಮ ತೋರಿಸುತ್ತಾರೆ. ಸರಿ, ಶುರುವಿಗೆ ಮೆಡಿಸಿನ್, ಮಕ್ಕಳ ವಿಭಾಗ, ಹೆರಿಗೆ ವಿಭಾಗದಿಂದ ಆಸಕ್ತಿ ಇರುವ ಪ್ರೊಫೆಸರುಗಳನ್ನು ವಿಭಾಗಕ್ಕೆ ಹಾಕಿಕೊಳ್ಳಿ. ಡಿಎನ್‌ಬಿ ಮಾಡಿದವರನ್ನು ಕರೆಯಿರಿ. ಅವರ ಜೊತೆಗೆ ತಾಲ್ಲೂಕಿನ ಅನುಭವಿ ಸರ್ಕಾರಿ ವೈದ್ಯರನ್ನು, ಪೇಟೆಯ ಹಳೆಯ ಜನರಲ್ ಪ್ರಾಕ್ಟೀಸಿನವರನ್ನು ತರಬೇತುದಾರರು ಅಂತ ನೇಮಿಸಿ, ಕಲಿಸುವುದು ಹೇಗೆ ಅಂತ ಅವರಿಗೂ ಒಂದು ತಿಂಗಳು ತರಬೇತಿ ಕೊಡಿ, ಗೌರವಧನ ಕೊಡಿ. ಆಶಾ ಕಾರ್ಯಕರ್ತೆಗೆ, ಸಿಸ್ಟರಿಗೆ ಕೂಡ. ಮನೆ ಭೇಟಿ ಹೇಗೆ ಮಾಡಬೇಕು ಅಂತ ಅವರಷ್ಟು ಚೆನ್ನಾಗಿ ಹೇಳಿಕೊಡುವ ಪ್ರೊಫೆಸರನ್ನು ನಾನಂತೂ ನೋಡಿಲ್ಲ. ನಮ್ಮಂಥ ನಿವೃತ್ತರು ಬೆಳಗಿನ ವಾಕಿಂಗ್ ಮುಗಿಸಿ ವಾಟ್ಸಾಪ್ ನೋಡುತ್ತಾ ಕೂತಿದ್ದೇವೆ, ಪ್ರತಿ ತಾಲ್ಲೂಕಿನಲ್ಲೂ ನಾಲ್ಕು ಜನ ಸಿಗುತ್ತಾರೆ.

ಆರೋಗ್ಯ ಇಲಾಖೆ, ವೈದ್ಯಕೀಯ ಶಿಕ್ಷಣ ಇಲಾಖೆ ಎರಡಕ್ಕೂ ಬೇರೆ ಬೇರೆ ಮಂತ್ರಿಗಳಿರುವುದೇ ಇಲ್ಲಿ ದೊಡ್ಡ ತೊಡಕು ಅಂತ ನನ್ನ ಅನುಮಾನ. ಪಿಎಚ್‌ಸಿ ಒಬ್ಬರದು, ಕಾಲೇಜು ಇನ್ನೊಬ್ಬರದು, ಫೈಲು ನಡುವೆ ಓಡಾಡುತ್ತಲೇ ಇರುತ್ತದೆ. ಇಬ್ಬರೂ ಒಂದು ದಿನ ಒಟ್ಟಿಗೆ ಕೂತು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದವರನ್ನೂ ಕೂರಿಸಿಕೊಂಡು, ಮುಂದಿನ ಬಜೆಟ್‌ಗೆ ಮೊದಲು ಈ ಮೂರು ಕಾಲೇಜುಗಳ ವಿಷಯ ತೀರ್ಮಾನ ಮಾಡಲಿ. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯೂ ಬೇಡ. ಪಿಎಚ್‌ಸಿ ಓಪಿಡಿಯಲ್ಲಿ ಡಾಕ್ಟರ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ, ಹೊಸಬರು ಉಳಿದುಕೊಳ್ಳಲು ಸೋರದ ಒಂದು ಮನೆ, ಇಷ್ಟರಿಂದ ಶುರು ಮಾಡಬಹುದು.

ಇತಿ,
ನಿವೃತ್ತ ವೈದ್ಯಾಧಿಕಾರಿ, ಶಿವಮೊಗ್ಗ ಜಿಲ್ಲೆ